ಐಲ್ಯಾಂಡ್ ಪೀಕ್‌ಗೆ ಮೊದಲ ಸಲ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ನಡೆದು ಬಂದವರು ಈಗ ನಮ್ಮ ಕಡೆ ಸಾಕಷ್ಟು ಜನ ಸಿಗುತ್ತಾರೆ. ಅವರಲ್ಲಿ ಕೆಲವರಿಗೆ ವಾಪಸ್ ಬರುವ ದಾರಿಯಲ್ಲೇ ಇನ್ನೊಂದು ಆಸೆ ಹುಟ್ಟುತ್ತದೆ. ಬುಡದ ತನಕ ಹೋದದ್ದಾಯ್ತು, ಒಂದು ತುದಿಯನ್ನೂ ಮುಟ್ಟಬೇಕು ಅಂತ. ವಿಚಾರಿಸಿದರೆ ಮೊದಲು ಕಿವಿಗೆ ಬೀಳುವ ಹೆಸರು ಐಲ್ಯಾಂಡ್ ಪೀಕ್. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅರ್ಧದಿಂದ ವಾಪಸ್ ಬಂದೆ, ಎರಡನೇ ಸಲ ತುದಿ ತಲುಪಿದೆ. ಆಮೇಲೆ ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ.

ಐಲ್ಯಾಂಡ್ ಪೀಕ್ ಎಲ್ಲಿದೆ? ಎಷ್ಟು ಎತ್ತರ?

ನೇಪಾಳದ ಖುಂಬು ಪ್ರದೇಶದಲ್ಲಿದೆ. ಎತ್ತರ 6,189 ಮೀಟರ್. ಕೆಲವು ಪಟ್ಟಿಗಳಲ್ಲಿ 6,160 ಅಂತಲೂ ಇದೆ, ಗಾಬರಿಯಾಗಬೇಡಿ, ಬೆಟ್ಟ ಒಂದೇ. ಡಿಂಗ್‌ಬೋಚೆ ಊರಿನ ಕಡೆಯಿಂದ ನೋಡಿದರೆ ಹಿಮದ ಸಮುದ್ರದ ಮಧ್ಯೆ ಒಂದು ದ್ವೀಪದ ಹಾಗೆ ಕಾಣುತ್ತದೆ. ಹಾಗಾಗಿ ಬ್ರಿಟಿಷ್ ಪರ್ವತಾರೋಹಿಗಳು ಆ ಹೆಸರಿಟ್ಟರು. 1983ರಲ್ಲಿ ಇಮ್ಜಾ ತ್ಸೆ ಎಂದು ಹೆಸರು ಬದಲಾಯಿತು. ಆದರೂ ಹಳೆಯ ಹೆಸರೇ ಎಲ್ಲರ ಬಾಯಲ್ಲಿ ಉಳಿದಿದೆ. 1953ರಲ್ಲಿ ಎವರೆಸ್ಟ್‌ಗೆ ಹೊರಟ ಬ್ರಿಟಿಷ್ ತಂಡದವರು ಅಭ್ಯಾಸಕ್ಕೆ ಬಂದದ್ದು ಈ ಬೆಟ್ಟಕ್ಕೇ. ಆ ತಂಡದಲ್ಲಿ ತೇನ್ಸಿಂಗ್ ನಾರ್ಗೆ ಕೂಡ ಇದ್ದರು.

‘ಟ್ರೆಕ್ಕಿಂಗ್ ಪೀಕ್’ ಅಂತಾರಲ್ಲ, ಅಂದರೆ ನಡೆದುಕೊಂಡೇ ಹತ್ತಬಹುದು ಅಲ್ವಾ?

ಇಲ್ಲ. ಈ ಹೆಸರು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಅದು ಪರ್ಮಿಟ್ ಕೊಡುವ ಅನುಕೂಲಕ್ಕೆ ಬಂದ ಹೆಸರು. 1978ರಲ್ಲಿ ನೇಪಾಳ ಸರ್ಕಾರ 18 ಸಣ್ಣ ಶಿಖರಗಳ ಪರ್ಮಿಟ್ ಕೆಲಸವನ್ನು ನೇಪಾಳ ಪರ್ವತಾರೋಹಣ ಸಂಘಕ್ಕೆ ವಹಿಸಿತು. ಅವುಗಳಿಗೆ ‘ಟ್ರೆಕ್ಕಿಂಗ್ ಪೀಕ್’ ಎನ್ನುವ ಹೆಸರು ಅಂಟಿಕೊಂಡಿತು. ಬೆಟ್ಟ ಸುಲಭವೋ ಕಷ್ಟವೋ ಅನ್ನುವುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ.

ಐಲ್ಯಾಂಡ್ ಪೀಕ್‌ನಲ್ಲಿ ಹಿಮನದಿ ದಾಟಬೇಕು. ಅದರಲ್ಲಿ ಆಳವಾದ ಬಿರುಕುಗಳಿವೆ. ಕೆಲವು ವರ್ಷ ಅವುಗಳ ಮೇಲೆ ಅಲ್ಯೂಮಿನಿಯಂ ಏಣಿ ಹಾಕಿರುತ್ತಾರೆ, ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನ ಅಡಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳು) ಕಟ್ಟಿದ ಬೂಟಿನಲ್ಲೇ ಏಣಿ ದಾಟಬೇಕು. ಆಮೇಲೆ ನೂರು ಮೀಟರ್‌ಗೂ ಜಾಸ್ತಿ ಎತ್ತರದ ಹಿಮದ ಗೋಡೆ. ಮನೆಯ ಮೆಟ್ಟಿಲಿಗಿಂತ ತುಂಬಾ ಕಡಿದು. ಅಲ್ಲಿ ಕಟ್ಟಿರುವ ಹಗ್ಗಕ್ಕೆ ಜುಮಾರ್ (ಮೇಲಕ್ಕೆ ಸರಿಯುವ, ಕೆಳಕ್ಕೆ ಜಾರದ ಹಿಡಿ) ಸಿಕ್ಕಿಸಿ ಹತ್ತಬೇಕು. ಕೊನೆಗೆ ಎರಡೂ ಕಡೆ ಇಳಿಜಾರಿರುವ ಕಿರಿದಾದ ಏಣು. ಇದು ಪರ್ವತಾರೋಹಣವೇ, ನಡಿಗೆಯಲ್ಲ. ಹಿಮನದಿ ಕರಗುತ್ತಿರುವುದರಿಂದ ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಎರಡು ವರ್ಷದ ಹಿಂದೆ ಹೋಗಿ ಬಂದವರ ಮಾತನ್ನೂ ಪೂರ್ತಿ ನಂಬಿ ಕೂರಬೇಡಿ. ನನ್ನ ಮಾತನ್ನೂ ಅಷ್ಟೇ.

ಹಾಗಾದರೆ ಹೊಸಬರು ಹೋಗಲೇಬಾರದಾ?

ಹೋಗಬಹುದು. ಒಳ್ಳೆಯ ಗೈಡ್ ಇದ್ದರೆ, ದೇಹ ತಯಾರಿದ್ದರೆ, ದಿನ ಸಾಕಷ್ಟು ಇಟ್ಟುಕೊಂಡಿದ್ದರೆ. ಈ ಮೂರರಲ್ಲಿ ಜನ ಮೊದಲು ಕೈ ಬಿಡುವುದು ಮೂರನೆಯದನ್ನು. ಆಫೀಸಿನಲ್ಲಿ ರಜೆ ಸಿಗುವುದಿಲ್ಲ, ಹಾಗಾಗಿ ಎರಡು ದಿನ ಕಡಿಮೆ ಇರುವ ಪ್ಲ್ಯಾನ್ ಹುಡುಕುತ್ತಾರೆ. ನಾನೂ ಮೊದಲ ಸಲ ಮಾಡಿದ್ದು ಅದನ್ನೇ.

ಹಿಮದ ಮೇಲೆ ಕಾಲೇ ಇಟ್ಟಿಲ್ಲ ಅನ್ನುವವರು ಮೊದಲು ಮೇರಾ ಪೀಕ್ ಯೋಚಿಸಿ. 6,476 ಮೀಟರ್, ಐಲ್ಯಾಂಡ್ ಪೀಕ್‌ಗಿಂತ ಎತ್ತರ, ಆದರೆ ಇಷ್ಟು ಕಡಿದಾದ ಗೋಡೆ ಇಲ್ಲ. ಸಮಯ ಇರುವವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲೋ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಲ್ಲೋ ಬೇಸಿಕ್ ಕೋರ್ಸ್ ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಸುಮಾರು ನಾಲ್ಕು ವಾರ ಬೇಕಾಗುತ್ತದೆ.

ಒಟ್ಟು ಎಷ್ಟು ದಿನ ಬೇಕು?

ನಡಿಗೆ ಶುರುವಾಗುವ ಊರು ಲುಕ್ಲಾ, ಅಲ್ಲಿಗೆ ವಿಮಾನದಲ್ಲಿ ಹೋಗಬೇಕು. ಲುಕ್ಲಾದಲ್ಲಿ ಇಳಿದು ಮತ್ತೆ ಲುಕ್ಲಾ ಸೇರುವ ತನಕ 15–16 ದಿನ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಹೊರಟು ಬೆಂಗಳೂರು ತಲುಪಲು ಮೂರು ವಾರ. ಇದು ಎವರೆಸ್ಟ್ ಬೇಸ್ ಕ್ಯಾಂಪ್ ಅನ್ನೂ ಸೇರಿಸಿದ ಲೆಕ್ಕ.

ದಾರಿ ಹೀಗೆ: ಲುಕ್ಲಾ (2,860 ಮೀ), ಫಾಕ್ಡಿಂಗ್, ನಾಮ್ಚೆ ಬಜಾರ್ (3,440), ತೆಂಗ್‌ಬೋಚೆ (3,860), ಡಿಂಗ್‌ಬೋಚೆ (4,410). ಅಲ್ಲಿಂದ ಲೋಬುಚೆ, ಗೋರಕ್‌ಶೆಪ್, ಬೇಸ್ ಕ್ಯಾಂಪ್ ನೋಡಿಕೊಂಡು ಛುಕುಂಗ್‌ಗೆ (4,730) ಬರುವುದು. ಛುಕುಂಗ್‌ನಿಂದ ಐಲ್ಯಾಂಡ್ ಪೀಕ್‌ನ ಬೇಸ್ ಕ್ಯಾಂಪ್, 5,087 ಮೀಟರ್. ನಾಮ್ಚೆಯಲ್ಲಿ ಎರಡು ರಾತ್ರಿ, ಡಿಂಗ್‌ಬೋಚೆಯಲ್ಲಿ ಎರಡು ರಾತ್ರಿ. ಇದರಲ್ಲಿ ರಾಜಿ ಬೇಡವೇ ಬೇಡ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು ಎನ್ನುವುದು ವೈದ್ಯರು ಹೇಳುವ ನಿಯಮ.

ಇದರ ಮೇಲೆ ಎರಡು ದಿನ ಸುಮ್ನೆ ಕೈಯಲ್ಲಿರಲಿ. ಒಂದು ಲುಕ್ಲಾ ವಿಮಾನಕ್ಕೆ, ಇನ್ನೊಂದು ಶಿಖರದ ದಿನ ಗಾಳಿ ಎದ್ದರೆ ಬೇಕು ಅಂತ. ಯಾವುದಾದರೂ ಕಂಪನಿಯವರು 12 ದಿನದಲ್ಲಿ ಮುಗಿಸಿ ಕೊಡ್ತೀವಿ ಅಂದರೆ, ಅವರು ನಿಮಗೆ ಕೊಡುತ್ತಿರುವುದು ಏನನ್ನು ಕಡಿಮೆ ಮಾಡಿ ಅಂತ ಕೇಳಿ.

ಅರ್ಧದಿಂದ ವಾಪಸ್ ಬಂದೆ ಅಂದಿರಲ್ಲ. ಏನಾಯಿತು?

ಇದನ್ನು ಎಲ್ಲರೂ ಸ್ವಲ್ಪ ಹಿಂಜರಿಯುತ್ತಾ ಕೇಳುತ್ತಾರೆ. ಹಿಂಜರಿಯಬೇಕಿಲ್ಲ.

ನನ್ನ ಪ್ಲ್ಯಾನ್‌ನಲ್ಲಿ ಒಂದೇ ಒಂದು ದಿನವೂ ಕೈಯಲ್ಲಿರಲಿಲ್ಲ. ಮೋಡದಿಂದಾಗಿ ವಿಮಾನ ಎರಡು ದಿನ ತಡವಾಯಿತು. ಆ ಎರಡು ದಿನವನ್ನು ಎಲ್ಲಿಂದಾದರೂ ತೆಗೆಯಬೇಕಲ್ಲ. ಡಿಂಗ್‌ಬೋಚೆಯ ವಿಶ್ರಾಂತಿ ಹೋಯಿತು, ಛುಕುಂಗ್‌ನ ಹಗ್ಗದ ಅಭ್ಯಾಸ ಹೋಯಿತು. ಬೇಸ್ ಕ್ಯಾಂಪ್ ತಲುಪಿದಾಗ ತಲೆ ಒಡೆಯುವ ಹಾಗೆ ನೋಯುತ್ತಿತ್ತು. ಸಂಜೆ ಊಟ ಸೇರಲಿಲ್ಲ. ಇಷ್ಟು ದೂರ ಬಂದಿದ್ದೇವಲ್ಲ ಅಂತ ರಾತ್ರಿ ಒಂದೂವರೆಗೆ ಹೊರಟೇಬಿಟ್ಟೆ.

ಸುಮಾರು 5,800 ಮೀಟರ್ ಎತ್ತರದಲ್ಲಿ ಕಲ್ಲು ಮುಗಿದು ಹಿಮ ಶುರುವಾಗುವ ಜಾಗವಿದೆ. ಎಲ್ಲರೂ ಕೂತು ಕ್ರ್ಯಾಂಪಾನ್ ಕಟ್ಟಿಕೊಳ್ಳುವುದು ಅಲ್ಲೇ. ನಾನೂ ಕೂತೆ. ಪಟ್ಟಿಯನ್ನು ಬಕಲ್ ಒಳಗೆ ತೂರಿಸಬೇಕು, ಅಷ್ಟೇ ಕೆಲಸ. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಪಟ್ಟಿ ಕಾಣುತ್ತಿದೆ, ಬಕಲ್ ಕಾಣುತ್ತಿದೆ, ಆದರೆ ಯಾವುದನ್ನು ಯಾವುದರೊಳಗೆ ಹಾಕಬೇಕು ಅನ್ನುವುದೇ ತಲೆಗೆ ಹೋಗುತ್ತಿಲ್ಲ. ಐದಾರು ಸಲ ಪ್ರಯತ್ನಿಸಿದೆ. ಗೈಡ್ ಒಂದು ಮಾತೂ ಆಡದೆ ನೋಡುತ್ತಿದ್ದರು. ಆಮೇಲೆ ನನ್ನನ್ನು ಎಬ್ಬಿಸಿ, ಒಂದು ಹೆಜ್ಜೆಯ ತುದಿಗೆ ಇನ್ನೊಂದು ಹೆಜ್ಜೆಯ ಹಿಮ್ಮಡಿ ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿದರು. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ‘ಸರ್, ಇವತ್ತು ಬೇಡ. ಈಗಲೇ ಇಳಿಯೋಣ’ ಅಂದರು. ಅಲ್ಲೇ ಅತ್ತೆ. ಆದರೆ ಇಳಿದೆ. ಮಧ್ಯಾಹ್ನ ಛುಕುಂಗ್ ತಲುಪುವ ಹೊತ್ತಿಗೆ ತಲೆನೋವು ಅರ್ಧಕ್ಕರ್ಧ ಇಳಿದಿತ್ತು. ಆ ನಡಿಗೆಯ ಪರೀಕ್ಷೆ ಏಕೆ ಅಂತ ಕೆಳಗೆ ಬಂದ ಮೇಲೆ ಗೊತ್ತಾಯಿತು. ನೆಟ್ಟಗೆ ನಡೆಯಲಾಗದೆ ಓಲಾಡುವುದು ಮೆದುಳಿನಲ್ಲಿ ನೀರು ತುಂಬುತ್ತಿರುವುದರ ಲಕ್ಷಣ. ಅದನ್ನು ಕಡೆಗಣಿಸಿ ಮೇಲೇರಿದರೆ ಜೀವ ಹೋಗುತ್ತದೆ.

ಎತ್ತರದ ಕಾಯಿಲೆ ಬಂದಿದೆ ಅಂತ ಗೊತ್ತಾಗುವುದು ಹೇಗೆ? ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕಾ?

5,500 ಮೀಟರ್ ಹತ್ತಿರ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧ. ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅರ್ಧ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಆ ದಿನಗಳನ್ನು ಕಡಿಮೆ ಮಾಡಲು ಆಗುವುದಿಲ್ಲ. ಮ್ಯಾರಥಾನ್ ಓಡುವವರೂ ನಾಮ್ಚೆಯಲ್ಲಿ ವಾಂತಿ ಮಾಡಿಕೊಳ್ಳುವುದನ್ನು ಕಂಡಿದ್ದೇನೆ.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಹಾಗಾದರೆ ಅಲ್ಲೇ ಉಳಿಯಿರಿ, ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ, ಕೆಮ್ಮಿನಲ್ಲಿ ನೊರೆ ಬಂದರೆ ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದು. ಮಾತು ತೊದಲಿದರೆ, ಹೆಜ್ಜೆ ಓಲಾಡಿದರೆ ಅದು ಮೆದುಳಿನದು. ಈ ಎರಡಕ್ಕೂ ಬೆಳಗಾಗುವ ತನಕ ಕಾಯಬೇಡಿ. ರಾತ್ರಿಯಾದರೂ ಇಳಿಯಲೇಬೇಕು. ಡಿಂಗ್‌ಬೋಚೆಗೆ ಹತ್ತಿರದ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇದೆ. ವಸಂತ ಮತ್ತು ಶರತ್ಕಾಲದ ಸೀಸನ್‌ನಲ್ಲಿ ಡಾಕ್ಟರ್ ಇರುತ್ತಾರೆ.

ಡಯಾಮಾಕ್ಸ್ ದೇಹ ಬೇಗ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ. ಕಾಯಿಲೆ ಬರದ ಹಾಗೆ ತಡೆಯಲು ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಬೆರಳು ಜುಮ್ಮೆನ್ನುತ್ತವೆ, ಮೂತ್ರ ಜಾಸ್ತಿ ಬರುತ್ತದೆ. ಸಲ್ಫಾ ಅಲರ್ಜಿ ಇರುವವರು ವಿಶೇಷವಾಗಿ ಎಚ್ಚರಿಕೆಯಿಂದಿರಬೇಕು. ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಹೋಗಿ. ಆದರೆ ಮಾತ್ರೆ ನುಂಗಿ ವಿಶ್ರಾಂತಿ ದಿನ ಬಿಟ್ಟುಬಿಡಬಹುದು ಅನ್ನುವ ಲೆಕ್ಕ ಮಾತ್ರ ಬೇಡ.

ವಯಸ್ಸು 48. ಬಿಪಿ ಮಾತ್ರೆ ತಗೋತೀನಿ. ಆಗುತ್ತಾ?

ವಯಸ್ಸು ಅಡ್ಡಿಯಲ್ಲ, ನಿಧಾನವಾಗಿ ನಡೆಯುವುದನ್ನು ಹಿರಿಯರೇ ಬೇಗ ಕಲಿಯುತ್ತಾರೆ. ಬಿಪಿಯ ಬಗ್ಗೆ ನಿಮ್ಮ ಡಾಕ್ಟರ್ ಹೇಳಬೇಕು, ನಾನಲ್ಲ.

ಬೆಂಗಳೂರಿನಲ್ಲಿ ಕೂತು ತಯಾರಿ ಹೇಗೆ?

ಕನಿಷ್ಠ ಮೂರು ತಿಂಗಳು ಕೊಡಿ. ನಮ್ಮಲ್ಲಿ ಎತ್ತರ ಇಲ್ಲ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ ಕಾಲು ಮತ್ತು ಉಸಿರನ್ನಷ್ಟೇ ಇಲ್ಲಿ ತಯಾರು ಮಾಡಲು ಸಾಧ್ಯ. ಅದಕ್ಕೆ ಕುಮಾರ ಪರ್ವತ ತುಂಬಾ ಒಳ್ಳೆಯ ಬೆಟ್ಟ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ತುದಿಗೆ ಒಂದೂವರೆ ಸಾವಿರ ಮೀಟರ್‌ಗೂ ಜಾಸ್ತಿ ಏರು. ಅರಣ್ಯ ಇಲಾಖೆಯ ಅನುಮತಿ ಪಡೆದು, ಎಂಟು ಹತ್ತು ಕಿಲೋ ಬ್ಯಾಗ್ ಹೊತ್ತು ಹತ್ತಿ. ಇಳಿಯುವಾಗ ಮಂಡಿ ಏನು ಹೇಳುತ್ತದೆ ಅಂತ ಗಮನಿಸಿ. ವಾರದ ದಿನಗಳಲ್ಲಿ ಅಪಾರ್ಟ್‌ಮೆಂಟ್ ಮೆಟ್ಟಿಲೇ ಸಾಕು. ಲಿಫ್ಟ್ ಮರೆತುಬಿಡಿ. ರಾಮನಗರದ ಬಂಡೆಗಳಲ್ಲಿ ಅನುಭವಿಗಳ ಜೊತೆ ಒಂದೆರಡು ವಾರಾಂತ್ಯ ಹಗ್ಗದ ಕೆಲಸ ಕಲಿತರೆ ಮೇಲೆ ಭಯ ಅರ್ಧ ಕಡಿಮೆ.

ಇನ್ನೊಂದು ಅಭ್ಯಾಸ ಮನೆಯಲ್ಲೇ ಆಗುತ್ತದೆ. ನಾನು ಎರಡನೇ ಸಲ ಹೋಗುವ ಮುಂಚೆ ಮಾಡಿದ್ದು. ಕಿಟಕಿಯ ಗ್ರಿಲ್‌ಗೆ ಒಂದು ಹಗ್ಗ ಕಟ್ಟಿ, ಮಧ್ಯೆ ಎರಡು ಗಂಟು ಹಾಕಿ. ಆ ಗಂಟುಗಳೇ ಬೆಟ್ಟದಲ್ಲಿ ಹಗ್ಗವನ್ನು ಹಿಮಕ್ಕೆ ಬಿಗಿದಿರುವ ಜಾಗಗಳು ಅಂದುಕೊಳ್ಳಿ. ಸೊಂಟಕ್ಕೆ ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಅದರಿಂದ ಒಂದು ಜುಮಾರ್, ಒಂದು ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ). ದಪ್ಪ ಗ್ಲೌಸ್ ಹಾಕಿಕೊಳ್ಳಿ. ಗಂಟು ಬಂದಾಗ ಮೊದಲು ಕ್ಯಾರಬಿನರ್ ತೆಗೆದು ಗಂಟಿನ ಆಚೆ ಹಾಕಿ, ‘ಕ್ಲಿಕ್’ ಅಂತ ಕೇಳಿಸಿದ ಮೇಲೆಯೇ ಜುಮಾರ್ ತೆಗೆಯಬೇಕು. ಎರಡರಲ್ಲಿ ಒಂದು ಯಾವಾಗಲೂ ಹಗ್ಗದಲ್ಲಿರಬೇಕು. ದಿನಾ ಹತ್ತು ನಿಮಿಷ ಮಾಡಿ, ಆಮೇಲೆ ದೀಪ ಆರಿಸಿ ಮಾಡಿ. ಗೋಡೆಯ ಮಧ್ಯೆ ಮೈನಸ್ 15 ಡಿಗ್ರಿಯಲ್ಲಿ ನಿಂತಾಗ ತಲೆ ಓಡುವುದಿಲ್ಲ, ಆದರೆ ಕೈಗೆ ಅಭ್ಯಾಸ ಇರುತ್ತದೆ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್–ಮೇ, ಇಲ್ಲವೇ ಅಕ್ಟೋಬರ್–ನವೆಂಬರ್. ನನಗೆ ಅಕ್ಟೋಬರ್ ಕೊನೆ ಇಷ್ಟ, ಆಕಾಶ ತೊಳೆದ ಹಾಗಿರುತ್ತದೆ. ಜನಜಂಗುಳಿಯೂ ಆಗಲೇ.

ಪಾಸ್‌ಪೋರ್ಟ್, ವೀಸಾ, ಪರ್ಮಿಟ್?

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ತೋರಿಸಿ ಹತ್ತಬಹುದು ಅಂದುಕೊಂಡು ಬಂದು ಏರ್‌ಪೋರ್ಟ್‌ನಲ್ಲೇ ಉಳಿದವರಿದ್ದಾರೆ. ಸಾಧ್ಯವಾದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಪರ್ಮಿಟ್ ಕೆಲಸಕ್ಕೂ ಅದೇ ಸುಲಭ.

ಪರ್ಮಿಟ್ ಮೂರು ಬೇಕು: ಶಿಖರದ್ದು, ಸಾಗರಮಾಥಾ ರಾಷ್ಟ್ರೀಯ ಉದ್ಯಾನದ್ದು, ಸ್ಥಳೀಯ ಗ್ರಾಮ ಪಾಲಿಕೆಯದು. ಉದ್ಯಾನದ ಪ್ರವೇಶ ಶುಲ್ಕ ಸಾರ್ಕ್ ದೇಶದವರಿಗೆ ಕಡಿಮೆ. ಶಿಖರದ ಶುಲ್ಕ ವಸಂತದಲ್ಲಿ ಜಾಸ್ತಿ, ಶರತ್ಕಾಲದಲ್ಲಿ ಕಡಿಮೆ. ಇದನ್ನೆಲ್ಲ ಕಂಪನಿಯವರೇ ಮಾಡಿಸುತ್ತಾರೆ, ನೀವು ಪ್ರತಿ ಇಸಿದುಕೊಳ್ಳಿ.

ಲುಕ್ಲಾ ವಿಮಾನ ಅಷ್ಟು ಭಯಂಕರವಾ?

ರನ್‌ವೇ 527 ಮೀಟರ್, ಅದೂ ಇಳಿಜಾರು. ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದು ತುದಿಯಲ್ಲಿ ಕಣಿವೆ. ಮೋಡ ಬಂದರೆ ಹಾರುವುದಿಲ್ಲ, ಹಾರಬಾರದು ಕೂಡ. ಹಾರಾಟ ರದ್ದಾದರೆ ಸಿಟ್ಟು ಮಾಡಿಕೊಳ್ಳಬೇಡಿ. ಸೀಸನ್‌ನಲ್ಲಿ ಲುಕ್ಲಾ ವಿಮಾನಗಳು ಕಠ್ಮಂಡು ಬದಲು ರಾಮೆಛಾಪ್‌ನಿಂದ ಹೊರಡುತ್ತವೆ. ಅಲ್ಲಿಗೆ ಕಠ್ಮಂಡುವಿನಿಂದ ನಾಲ್ಕೈದು ಗಂಟೆಯ ರಸ್ತೆ, ಮಧ್ಯರಾತ್ರಿಯೇ ಹೊರಡಬೇಕು.

ಗೈಡ್ ಆಯ್ಕೆ ಹೇಗೆ? ಏನೇನು ಕೇಳಬೇಕು?

ಮೊದಲ ಪ್ರಶ್ನೆ: ಶಿಖರದ ದಿನ ಒಬ್ಬ ಕ್ಲೈಂಬಿಂಗ್ ಗೈಡ್‌ಗೆ ಎಷ್ಟು ಜನ? ಹೊಸಬರಾದರೆ ಇಬ್ಬರಿಗಿಂತ ಜಾಸ್ತಿ ಬೇಡ. ನಾಲ್ಕು ಜನಕ್ಕೆ ಒಬ್ಬರಾದರೆ, ಒಬ್ಬರಿಗೆ ಹುಷಾರು ತಪ್ಪಿದ ಕೂಡಲೇ ಎಲ್ಲರೂ ಇಳಿಯಬೇಕಾಗುತ್ತದೆ. ಎರಡನೆಯದು: ಛುಕುಂಗ್‌ನಲ್ಲೋ ಬೇಸ್ ಕ್ಯಾಂಪ್‌ನಲ್ಲೋ ಅರ್ಧ ದಿನವಾದರೂ ಹಗ್ಗದ ತರಬೇತಿ ಇದೆಯಾ? ಮೂರನೆಯದು: ಹವಾಮಾನ ಕೆಟ್ಟರೆ ಕೈಯಲ್ಲಿ ದಿನ ಇದೆಯಾ? ನಾಲ್ಕನೆಯದು: ಪೋರ್ಟರ್‌ಗಳಿಗೆ ವಿಮೆ ಇದೆಯಾ, ಎಷ್ಟು ಭಾರ ಹೊರಿಸುತ್ತೀರಿ? 30 ಕಿಲೋಗಿಂತ ಜಾಸ್ತಿ ಹೊರಿಸುವ ಕಂಪನಿ ನಮಗೆ ಬೇಡ. ನಿಮ್ಮ ಚೀಲ ಹೊತ್ತವರ ಕಾಲಿನಲ್ಲಿ ಎಂಥ ಬೂಟಿದೆ ಅಂತ ಮೊದಲ ದಿನವೇ ನೋಡಿ.

ಇನ್ನೊಂದು ಮಾತು. ಶೆರ್ಪಾ ಅನ್ನುವುದು ಕೆಲಸದ ಹೆಸರಲ್ಲ, ಒಂದು ಜನಾಂಗದ ಹೆಸರು. ನಿಮ್ಮ ಗೈಡ್ ರಾಯಿ ಇರಬಹುದು, ತಮಾಂಗ್ ಇರಬಹುದು. ಹೆಸರು ಕೇಳಿ ತಿಳಿದುಕೊಳ್ಳಿ, ‘ದಾಯಿ’ ಅನ್ನಿ. ನೇಪಾಳಿಯಲ್ಲಿ ಅಣ್ಣ ಅಂತ. ಹೆಚ್ಚಿನವರಿಗೆ ಹಿಂದಿ ಬರುತ್ತದೆ. ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ‘ಬಿಸ್ತಾರೈ, ಬಿಸ್ತಾರೈ’. ನಿಧಾನ, ನಿಧಾನ.

ಸಾಮಾನು ಎಲ್ಲಾ ಕೊಂಡುಕೊಳ್ಳಬೇಕಾ?

ಬೇಡ. ಡಬಲ್ ಬೂಟು, ಕ್ರ್ಯಾಂಪಾನ್, ಐಸ್ ಆಕ್ಸ್, ಹಾರ್ನೆಸ್, ಹೆಲ್ಮೆಟ್ ಎಲ್ಲಾ ಕಠ್ಮಂಡುವಿನ ಥಮೆಲ್‌ನಲ್ಲಿ, ಛುಕುಂಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟನ್ನು ಎರಡು ಸಾಕ್ಸ್ ಹಾಕಿ ನೋಡಿ, ಇಳಿಯುವಾಗ ಬೆರಳು ಮುಂದಕ್ಕೆ ತಾಗಬಾರದು. ಕ್ರ್ಯಾಂಪಾನ್ ಅದೇ ಬೂಟಿಗೆ ಕೂರುತ್ತದಾ ಅಂತ ಅಂಗಡಿಯಲ್ಲೇ ಕಟ್ಟಿ ನೋಡಿ. ನಡಿಗೆಯ ಶೂ, ಒಳ ಗ್ಲೌಸ್, ತಂಪು ಕನ್ನಡಕ, ಹೆಡ್‌ಲ್ಯಾಂಪ್ ಮಾತ್ರ ಸ್ವಂತದ್ದಿರಲಿ.

ನಾವು ಸಸ್ಯಾಹಾರಿಗಳು. ಊಟ?

ಅಲ್ಲಿ ಸಸ್ಯಾಹಾರವೇ ಒಳ್ಳೆಯದು. ಮೇಲಿನ ಊರುಗಳಲ್ಲಿ ಪ್ರಾಣಿ ಕೊಲ್ಲುವುದಿಲ್ಲ, ಮಾಂಸ ಕೆಳಗಿನಿಂದ ದಿನಗಟ್ಟಲೆ ಹೊತ್ತು ಬರಬೇಕು. ಮಾಂಸ ತಿನ್ನುವವರಿಗೂ ನಾಮ್ಚೆ ದಾಟಿದ ಮೇಲೆ ಬೇಡ ಅಂತಲೇ ಹೇಳುತ್ತೇನೆ. ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಅನ್ನ, ಬೇಳೆ, ಪಲ್ಯ ಕೇಳಿದಷ್ಟು ಮತ್ತೆ ಬಡಿಸುತ್ತಾರೆ. ಅನ್ನ ಉಣ್ಣುವ ನಮಗೆ ಅದು ದೊಡ್ಡ ಅನುಕೂಲ. ಮನೆಯಿಂದ ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. 5,000 ಮೀಟರ್ ಮೇಲೆ ಏನೂ ಸೇರದಿದ್ದಾಗ ನಾಲಿಗೆಗೆ ಹುಳಿ ಖಾರ ತಾಗಿದರೆ ನಾಲ್ಕು ತುತ್ತು ಇಳಿಯುತ್ತದೆ.

ಮುಟ್ಟಿನ ದಿನ ಶಿಖರದ ದಿನವೇ ಬಂದರೆ?

ಹತ್ತಿದವರು ತುಂಬಾ ಜನ ಇದ್ದಾರೆ. ಎತ್ತರದಲ್ಲಿ ದಿನ ಹಿಂದೆ ಮುಂದೆ ಆಗುವುದೂ ಉಂಟು, ಹಾಗಾಗಿ ಬೇಕಾದ್ದೆಲ್ಲ ಊರಿನಿಂದಲೇ ಜಾಸ್ತಿ ಒಯ್ಯಿರಿ. ಬಳಸಿದ್ದನ್ನು ಜಿಪ್ ಚೀಲದಲ್ಲಿ ಹಾಕಿ ಕೆಳಗೆ ತನ್ನಿ, ಬೆಟ್ಟದಲ್ಲಿ ಬಿಡಬೇಡಿ.

ಶಿಖರದ ದಿನ ಹೇಗಿರುತ್ತದೆ?

ರಾತ್ರಿ ಒಂದೆರಡು ಗಂಟೆಗೆ ಬೇಸ್ ಕ್ಯಾಂಪ್ ಬಿಡುವುದು. ಒಂದೇ ದಿನ 1,100 ಮೀಟರ್ ಏರು, ಮತ್ತೆ ಅಷ್ಟೂ ಇಳಿಯಬೇಕು. ಹತ್ತರಿಂದ ಹದಿನಾಲ್ಕು ಗಂಟೆ. ನೀರಿನ ಬಾಟಲಿಗೆ ಬಿಸಿನೀರು ತುಂಬಿ, ಸಾಕ್ಸ್ ತೊಡಿಸಿ, ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಿದ್ದರೆ ಮುಚ್ಚಳದ ಕಡೆ ಕಟ್ಟುವುದಿಲ್ಲ.

ಮೊದಲ ಮೂರ್ನಾಲ್ಕು ಗಂಟೆ ಕಲ್ಲಿನ ದಾರಿ. ಕತ್ತಲೆಯಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಕ್ರ್ಯಾಂಪಾನ್ ಕಟ್ಟಿ, ಒಂದೇ ಹಗ್ಗಕ್ಕೆ ಎಲ್ಲರೂ ಸೇರಿಕೊಂಡು ಹಿಮನದಿಗೆ ಇಳಿಯುವ ಹೊತ್ತಿಗೆ ಬೆಳಕು ಹರಿಯುತ್ತದೆ. ಆಮೇಲೆ ಗೋಡೆ. ನಾಲ್ಕು ಹೆಜ್ಜೆ, ನಿಲ್ಲು, ಹತ್ತು ಸಲ ಉಸಿರಾಡು, ಮತ್ತೆ ನಾಲ್ಕು ಹೆಜ್ಜೆ. ನನಗೆ ಕೊನೆಯಲ್ಲಿ ಎರಡು ಹೆಜ್ಜೆಗೆ ಇಳಿದಿತ್ತು. ತೋಳಿನಿಂದ ಎಳೆದುಕೊಳ್ಳಬೇಡಿ, ಬೇಗ ಸೋಲುತ್ತದೆ. ಕಾಲಿನಿಂದ ತಳ್ಳಿ.

ಇಳಿಯುವುದು ಹತ್ತುವುದಕ್ಕಿಂತ ಅಪಾಯ. ಸುಸ್ತಾಗಿರುತ್ತೀರಿ, ಬಿಸಿಲಿಗೆ ಹಿಮ ಮೆತ್ತಗಾಗಿರುತ್ತದೆ, ಹಗ್ಗದಲ್ಲಿ ಎದುರಿಗೆ ಹತ್ತುವವರು ಬರುತ್ತಾರೆ. ಹಗ್ಗದಲ್ಲಿ ಇಳಿಯಲು ಬಳಸುವ ಎಂಟರ ಆಕಾರದ ಬಳೆಯಲ್ಲಿ ಹಗ್ಗ ಸರಿಯಾಗಿ ಹಾಕಿದ್ದೀರಾ ಅಂತ ಪ್ರತಿ ಸಲವೂ ಗೈಡ್‌ಗೆ ತೋರಿಸಿಯೇ ಭಾರ ಬಿಡಿ. ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅಂತ ಹಿಂದಿನ ಸಂಜೆಯೇ ಗೈಡ್ ಜೊತೆ ಮಾತಾಡಿಕೊಳ್ಳಿ. ಆ ಗಂಟೆಗೆ ತುದಿ ಐವತ್ತೇ ಮೀಟರ್ ದೂರ ಇದ್ದರೂ ತಿರುಗಿ.

ತುದಿಯಿಂದ ಎವರೆಸ್ಟ್ ಕಾಣುತ್ತಾ?

ಇಲ್ಲ. 8,516 ಮೀಟರ್‌ನ ಲೋತ್ಸೆಯ ದಕ್ಷಿಣ ಗೋಡೆ ಎದುರಿಗೇ ಎದ್ದು ನಿಂತಿರುತ್ತದೆ, ಎವರೆಸ್ಟ್ ಅದರ ಹಿಂದೆ. ಪೂರ್ವಕ್ಕೆ ಮಕಾಲು, ನೈಋತ್ಯಕ್ಕೆ ಅಮಾ ದಬ್ಲಂ. ಕೆಳಗೆ ಬೂದುಬಣ್ಣದ ಇಮ್ಜಾ ಸರೋವರ. 1953ರಲ್ಲಿ ಬಂದವರು ಆ ಸರೋವರವನ್ನು ನೋಡಿರಲಿಲ್ಲ, ಅದು ಆಮೇಲೆ ಹಿಮನದಿ ಕರಗಿ ಆದದ್ದು. ಒಡೆದರೆ ಕೆಳಗಿನ ಊರುಗಳಿಗೆ ಅಪಾಯ ಅಂತ 2016ರಲ್ಲಿ ನೇಪಾಳ ಸೇನೆಯವರು ಕಾಲುವೆ ತೋಡಿ ನೀರಿನ ಮಟ್ಟವನ್ನು 3 ಮೀಟರ್‌ಗೂ ಹೆಚ್ಚು ಇಳಿಸಿದರು. ತುದಿಯಲ್ಲಿ ಹತ್ತು ನಿಮಿಷ ಸಿಕ್ಕರೆ ಎರಡು ನಿಮಿಷ ಅದನ್ನೂ ನೋಡಿ.

ವಿಮೆ ಬೇಕಾ?

ಬೇಕೇ ಬೇಕು. ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಹಲವು ಪರ್ವತಾರೋಹಣವನ್ನು ಹೊರಗಿಟ್ಟಿರುತ್ತವೆ. 6,200 ಮೀಟರ್ ತನಕ, ಹಗ್ಗ ಬಳಸಿ ಹತ್ತುವುದಕ್ಕೆ, ಹೆಲಿಕಾಪ್ಟರ್‌ಗೆ ಅನ್ವಯಿಸುತ್ತದೆ ಅಂತ ಬರಹದಲ್ಲಿರಲಿ. ಬೇಡದಿದ್ದರೂ ಹೆಲಿಕಾಪ್ಟರ್ ಕರೆಸಿ ಬಿಲ್ ಮಾಡುವ ದಂಧೆ ನಡೆದದ್ದುಂಟು, 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತು. ಆದರೆ ನಿಜವಾಗಿ ಬೇಕಾದಾಗ ದುಡ್ಡಿನ ಮುಖ ನೋಡಿ ತಡ ಮಾಡಬೇಡಿ.

ಮನೆಯಲ್ಲಿ ಅಮ್ಮ ಒಪ್ತಿಲ್ಲ. ಏನು ಹೇಳಲಿ?

ಏನೂ ಆಗಲ್ಲ ಅಂತ ಹೇಳಬೇಡಿ, ಅದು ನಿಜವಲ್ಲ, ಅವರಿಗೂ ಗೊತ್ತು. ಎರಡನೇ ಸಲ ಹೊರಡುವ ಮುಂಚೆ ನಾನು ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಕ್ಯಾಲೆಂಡರ್ ಮೇಲೆ ಬರೆದೆ. ಯಾವ ದಿನ ಯಾವ ಊರು, ಎಷ್ಟು ಎತ್ತರ, ಯಾವ ದಿನ ವಿಶ್ರಾಂತಿ. ಬೇಸ್ ಕ್ಯಾಂಪ್‌ನ ಎರಡು ದಿನದ ಚೌಕದಲ್ಲಿ ‘ಫೋನ್ ಬರೋದಿಲ್ಲ’ ಅಂತ ದೊಡ್ಡದಾಗಿ ಬರೆದೆ. ಅದರ ಪಕ್ಕದ ಎರಡು ಖಾಲಿ ಚೌಕ ನೋಡಿ ಅಮ್ಮ ಕೇಳಿದರು, ‘ಇದು ಯಾಕೆ ಖಾಲಿ?’ ‘ಗಾಳಿ ಜಾಸ್ತಿ ಇದ್ರೆ ಕಾಯೋಕೆ’ ಅಂದೆ. ಅಮ್ಮ ನನ್ನ ಕೈಯಿಂದ ಪೆನ್ ಇಸಿದುಕೊಂಡು ಅದರ ಮುಂದಿನ ಚೌಕಕ್ಕೂ ಒಂದು ಗೆರೆ ಎಳೆದರು. ‘ಇನ್ನೊಂದು ದಿನ ಇಟ್ಕೋ’ ಅಂದರು.